ಒಂದು ಮಿಲಿಗ್ರಾಮಿನ ಆಂಪೂಲ್: ಜಪಾನಿನಲ್ಲಿ ಅಡ್ರಿನಲಿನ್ ಮತ್ತು ಅದರ ಅಪಾಯಗಳ ಚರಿತ್ರೆ

ದೇಹದ ಗ್ರಂಥಿಗಳು ಸುರಿಸುವ ಹಾರ್ಮೋನುಗಳಲ್ಲಿ ಶುದ್ಧ ಹರಳಿನ ರೂಪದಲ್ಲಿ ಮೊದಲು ಕೈಗೆ ಸಿಕ್ಕಿದ್ದು ಅಡ್ರಿನಲಿನ್. ಜಪಾನಿನ ಆಸ್ಪತ್ರೆಗಳಲ್ಲಿ ಇದನ್ನು ಇವತ್ತಿಗೂ ಬಾಸ್ಮಿನ್ ಎಂಬ ವ್ಯಾಪಾರನಾಮದಿಂದಲೇ ಕರೆಯುವವರು ಬಹಳ. ಕಿರುಬೆರಳಿನಷ್ಟು ಉದ್ದವೂ ಇಲ್ಲದ ಗಾಜಿನ ಆಂಪೂಲಿನಲ್ಲಿ 1 ಮಿಲಿಲೀಟರ್ ದ್ರಾವಣ, ಅದರಲ್ಲಿ 1 ಮಿಲಿಗ್ರಾಂ ಮದ್ದು. ಸಾವಿರಕ್ಕೆ ಒಂದು ಪಾಲು. 1901ರ ಹೊತ್ತಿಗೆ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿ ಮಾರಾಟಕ್ಕಿಟ್ಟ ದ್ರಾವಣವೂ ಇಷ್ಟೇ ತೀಕ್ಷ್ಣವಾಗಿತ್ತು. ನೂರಿಪ್ಪತ್ತು ವರ್ಷಗಳಲ್ಲಿ ಆ ತೀಕ್ಷ್ಣತೆ ಬದಲಾಗಿಲ್ಲ. ಮದ್ದನ್ನು ಎಷ್ಟು, ಎಲ್ಲಿಗೆ, ಎಷ್ಟು ವೇಗವಾಗಿ ಚುಚ್ಚಬೇಕು ಎಂಬ ತಿಳಿವಳಿಕೆ ಮಾತ್ರ ಬದಲಾಗುತ್ತಲೇ ಬಂದಿದೆ, ಮತ್ತು ಆ ತಿಳಿವಳಿಕೆಯ ಬಹುಪಾಲು ಪೆಟ್ಟು ತಿಂದು ಕಲಿತದ್ದು.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯ ರಸಕ್ಕೆ ರಕ್ತದೊತ್ತಡ ಏರಿಸುವ ಗುಣವಿದೆ ಎಂಬುದು 1894ರಲ್ಲಿ ಲಂಡನ್ನಿನಲ್ಲಿ ಗೊತ್ತಾಯಿತು. ವೈದ್ಯ ಜಾರ್ಜ್ ಆಲಿವರ್ ಮತ್ತು ಶರೀರಶಾಸ್ತ್ರಜ್ಞ ಎಡ್ವರ್ಡ್ ಶೇಫರ್ ಆ ರಸವನ್ನು ಪ್ರಾಣಿಯ ರಕ್ತನಾಳಕ್ಕೆ ಚುಚ್ಚಿದಾಗ ಒತ್ತಡಮಾಪಕದ ಪಾದರಸ ಎಲ್ಲರ ಲೆಕ್ಕ ಮೀರಿ ಮೇಲೇರಿತ್ತು. ಅಲ್ಲಿಂದ ಮುಂದೆ ಆರು ವರ್ಷ ಯುರೋಪು ಮತ್ತು ಅಮೆರಿಕದ ಪ್ರಯೋಗಶಾಲೆಗಳಲ್ಲಿ ಒಂದೇ ಓಟ: ಆ ರಸದಲ್ಲಿರುವ ಸತ್ವವನ್ನು ಬೇರ್ಪಡಿಸುವವರು ಯಾರು? ಬಾಲ್ಟಿಮೋರಿನ ಜಾನ್ ಏಬೆಲ್ 1897ರಲ್ಲಿ ತನಗೆ ಸಿಕ್ಕ ವಸ್ತುವಿಗೆ ಎಪಿನೆಫ್ರಿನ್ ಎಂದು ಹೆಸರಿಟ್ಟ. ಅದು ಮೂಲವಸ್ತುವಲ್ಲ, ಬೆಂಜಾಯಿಲ್ ಗುಂಪು ಅಂಟಿಕೊಂಡಿದ್ದ ಅದರ ಒಂದು ರೂಪಾಂತರ ಎಂಬುದು ಆಮೇಲೆ ತಿಳಿಯಿತು.

ಓಟ ಗೆದ್ದದ್ದು ನ್ಯೂಯಾರ್ಕಿನ ಒಂದು ನೆಲಮಾಳಿಗೆ. ಅಲ್ಲಿ ಪ್ರಯೋಗಶಾಲೆ ಇಟ್ಟುಕೊಂಡಿದ್ದವನು ತಕಮಿನೆ ಜೋಕಿಚಿ. 1854ರಲ್ಲಿ ಈಗಿನ ತೊಯಾಮಾ ಪ್ರಾಂತದ ತಕಾಓಕಾದಲ್ಲಿ ವೈದ್ಯರ ಮನೆಯಲ್ಲಿ ಹುಟ್ಟಿ, ಕನಜಾವಾದಲ್ಲಿ ಬೆಳೆದವನು. ತಾಯಿಯ ತವರು ಸಾಕೆ ಮದ್ಯ ತಯಾರಿಸುವ ಮನೆತನ. ಟೋಕಿಯೋದ ಎಂಜಿನಿಯರಿಂಗ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿತು, ಗ್ಲಾಸ್ಗೋದಲ್ಲಿ ಕೆಲ ವರ್ಷವಿದ್ದು ಬಂದ. ಸಾಕೆಗೆ ಬಳಸುವ ಕೋಜಿ ಎಂಬ ಬೂಷ್ಟಿನಿಂದ ಅಮೆರಿಕದಲ್ಲಿ ವಿಸ್ಕಿ ತಯಾರಿಸಲು ಹೊರಟು ಕೈಸುಟ್ಟುಕೊಂಡ. ಅದೇ ಕೋಜಿಯಿಂದ ಪಿಷ್ಟ ಜೀರ್ಣಿಸುವ ಟಾಕಾ-ಡಯಾಸ್ಟೇಸ್ ತೆಗೆದು 1894ರಲ್ಲಿ ಪೇಟೆಂಟ್ ಪಡೆದಾಗ ಹಣವೂ ಹೆಸರೂ ಬಂದವು, ಪಾರ್ಕ್-ಡೇವಿಸ್ ನಂಟೂ ಬೆಳೆಯಿತು. ಅಡ್ರಿನಲ್ ಗ್ರಂಥಿಯ ಕೆಲಸ ಅವನ ಪಾಲಿಗೆ ಬಂದದ್ದು ಈ ನಂಟಿನಿಂದ.

ಆದರೆ ಬೆಂಚಿನ ಮುಂದೆ ನಿಂತು ಹರಳು ಕಂಡವನು ತಕಮಿನೆ ಅಲ್ಲ, ಅವನ ಸಹಾಯಕ ಉಏನಕಾ ಕೇಜೋ. ಹ್ಯೋಗೊ ಪ್ರಾಂತದ ನಜಿಓ ಎಂಬ ಊರಿನವನು, ಆಗ ಇಪ್ಪತ್ತನಾಲ್ಕು ವಯಸ್ಸು. 1900ರ ಜುಲೈನ ಅವನ ಪ್ರಯೋಗ ಪುಸ್ತಕದಲ್ಲಿ 21ನೇ ತಾರೀಕಿನ ಹೊತ್ತಿಗೆ ಹರಳಿನ ಮಾತು ಬರುತ್ತದೆ. ಸಿಕ್ಕ ವಸ್ತು ಅದೇ ಹೌದೇ ಎಂದು ನೋಡಲು ಫ್ರಾನ್ಸಿನ ವುಲ್ಪಿಯಾನ್ 1856ರಲ್ಲೇ ಹೇಳಿಟ್ಟ ಪರೀಕ್ಷೆ ಇತ್ತು: ಫೆರಿಕ್ ಕ್ಲೋರೈಡ್ ಹನಿಸಿದರೆ ಹಸಿರು, ಅಯೊಡಿನ್ ಹನಿಸಿದರೆ ಗುಲಾಬಿ. ಎರಡೂ ಬಣ್ಣ ಮೂಡಿದವು. ಅದೇ ನವೆಂಬರಿನಲ್ಲಿ ಪೇಟೆಂಟ್ ಅರ್ಜಿ ಹೋಯಿತು, 1903ರ ಜೂನಿನಲ್ಲಿ ಮಂಜೂರಾಯಿತು, ಹೆಸರು ತಕಮಿನೆಯದೊಂದೇ. 1911ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಈ ಪೇಟೆಂಟನ್ನು ಎತ್ತಿಹಿಡಿದ ತೀರ್ಪು ಇವತ್ತಿಗೂ ಜೈವಿಕ ಪೇಟೆಂಟಿನ ವಾದಗಳಲ್ಲಿ ತಲೆಯೆತ್ತುತ್ತದೆ. ಉಏನಕಾನ ಪುಸ್ತಕ ಮಾತ್ರ ಅವನ ಊರಿನ ಕ್ಯೋಗ್ಯೋಜಿ ಎಂಬ ಬೌದ್ಧ ದೇವಾಲಯದಲ್ಲಿ ಉಳಿದು, ದಶಕಗಳ ಬಳಿಕ ಅವನಿಗೆ ಸಲ್ಲಬೇಕಾದ ಪಾಲನ್ನು ಕೊಡಿಸಿತು.

ಮದ್ದು ಕೆಲಸ ಮಾಡುವ ಬಗೆಯಲ್ಲೇ ಅದರ ಕೇಡೂ ಅಡಗಿದೆ. ಅಡ್ರಿನಲಿನ್ ಚರ್ಮದ ಮತ್ತು ಹೊಟ್ಟೆಯ ಭಾಗದ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ, ಹೃದಯವನ್ನು ಬಿರುಸಾಗಿಯೂ ಬೇಗಬೇಗವೂ ಬಡಿಯುವಂತೆ ಮಾಡುತ್ತದೆ, ಶ್ವಾಸನಾಳಗಳನ್ನು ಸಡಿಲಿಸುತ್ತದೆ. ನಾಳ ಹಿಂಡಿದಾಗ ಒತ್ತಡ ಏರುತ್ತದೆ. ಒತ್ತಡ ಕುಸಿದ ರೋಗಿಗೆ ಅದೇ ಜೀವದಾನ. ಆದರೆ ಅದೇ ಹಿಂಡುವಿಕೆ ಅಳತೆ ಮೀರಿದರೆ ಮೆದುಳಿನ ನಾಳ ಒಡೆಯಬಹುದು, ಶ್ವಾಸಕೋಶಕ್ಕೆ ನೀರು ತುಂಬಬಹುದು. ಹೃದಯದ ಬಿರುಸು ಹೆಚ್ಚಿದರೆ ಬಡಿತದ ತಾಳ ತಪ್ಪಿ, ಕೊನೆಗೆ ಹೃತ್ಕುಕ್ಷಿ ಬರೀ ಅದುರುತ್ತ ನಿಲ್ಲಬಹುದು. ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗಲೂ ರೋಗಿಯ ಮುಖ ಬಿಳಿಚಿಕೊಳ್ಳುತ್ತದೆ, ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ, ತಲೆ ಸಿಡಿಯುತ್ತದೆ, ಕಾರಣವಿಲ್ಲದ ದಿಗಿಲು ಹತ್ತುತ್ತದೆ. ಇವು ಕೆಲವು ನಿಮಿಷಗಳಲ್ಲಿ ಇಳಿಯುತ್ತವೆ, ಏಕೆಂದರೆ ದೇಹ ಅಡ್ರಿನಲಿನ್ನನ್ನು ಬಲು ಬೇಗ ಒಡೆದುಹಾಕುತ್ತದೆ. ಆದರೆ ಇದರ ಗುಣವನ್ನು ಇಟ್ಟುಕೊಂಡು ಅಡ್ಡಪರಿಣಾಮವನ್ನು ಮಾತ್ರ ಕಳಚಿಹಾಕುವುದು ಆಗದ ಕೆಲಸ. ಎರಡೂ ಒಂದೇ ಹಗ್ಗದ ಎಳೆಗಳು.

ಅಪಾಯದ ಮೊದಲ ಸುಳಿವುಗಳು ಬರಲು ತಡವಾಗಲಿಲ್ಲ. 1903ರಲ್ಲಿ ಪ್ಯಾರಿಸ್ಸಿನ ಓಟೋ ಜೋಸುಎ ಮೊಲಗಳಿಗೆ ಮತ್ತೆ ಮತ್ತೆ ಅಡ್ರಿನಲಿನ್ ಚುಚ್ಚಿ, ಅವುಗಳ ಮಹಾಪಧಮನಿಯ ಗೋಡೆ ಗಡುಸಾಗಿ ಹಾಳಾಗುವುದನ್ನು ತೋರಿಸಿದ. 1911ರಲ್ಲಿ ಇಂಗ್ಲೆಂಡಿನ ಗುಡ್‌ಮನ್ ಲೆವಿ ಕ್ಲೋರೋಫಾರಂ ಕೊಟ್ಟ ಬೆಕ್ಕುಗಳಿಗೆ ಅಡ್ರಿನಲಿನ್ ಚುಚ್ಚಿದಾಗ ಹೃದಯ ಕಂಪಿಸಿ ನಿಲ್ಲುವುದನ್ನು ಕಂಡ. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಕ್ಲೋರೋಫಾರಂ ಅಡಿಯಲ್ಲಿ ದಿಢೀರನೆ ಸತ್ತವರ ಒಗಟಿಗೆ ಅದರಿಂದ ಒಂದು ಉತ್ತರ ಸಿಕ್ಕಿತು. 1903ರಲ್ಲೇ ಜರ್ಮನಿಯ ಹೈನ್ರಿಕ್ ಬ್ರೌನ್ ಕೊಕೇನಿಗೆ ಚೂರು ಅಡ್ರಿನಲಿನ್ ಬೆರೆಸಿ ಜಾಗ ಮರಗಟ್ಟಿಸುವ ಮದ್ದಿನ ಪ್ರಭಾವವನ್ನು ಹೆಚ್ಚು ಹೊತ್ತು ನಿಲ್ಲಿಸುವ ಉಪಾಯ ಹೂಡಿದ್ದ. ಹಲ್ಲಿನ ವೈದ್ಯರು ಇವತ್ತಿಗೂ ಬಳಸುವ ಉಪಾಯ ಅದು. ಹಲ್ಲು ಕೀಳಿಸಿಕೊಳ್ಳಲು ಕೂತವರಿಗೆ ಸೂಜಿ ಹಾಕಿದೊಡನೆ ಎದೆ ಹೊಡೆದುಕೊಳ್ಳುವುದುಂಟು. ಅದಕ್ಕೆ ಹೆದರಿಕೆ ಒಂದೇ ಕಾರಣವಾಗಿರಬೇಕಿಲ್ಲ, ದ್ರಾವಣದಲ್ಲಿನ ಅಡ್ರಿನಲಿನ್ ಕೂಡ ಇರಬಹುದು.

ಜಪಾನಿನ ಕಥೆಯಲ್ಲಿ ಅಡ್ರಿನಲಿನ್ನಿಗೆ ಒಬ್ಬ ಅಣ್ಣನಿದ್ದಾನೆ: ಎಫೆಡ್ರಿನ್. ಅದನ್ನು 1885ರಲ್ಲಿ ಮಾಓ ಎಂಬ ಹಳೆಯ ಚೀನೀ ಮದ್ದಿನ ಗಿಡದಿಂದ ಬೇರ್ಪಡಿಸಿದವನು ತೊಕುಶಿಮಾದ ನಗಾಯಿ ನಗಾಯೊಶಿ. ಬರ್ಲಿನ್ನಿನಲ್ಲಿ ಹಾಫ್‌ಮನ್ನನ ಶಿಷ್ಯನಾಗಿ ಹದಿಮೂರು ವರ್ಷವಿದ್ದು ಬಂದವನು, ಜಪಾನಿನ ಔಷಧಶಾಸ್ತ್ರಕ್ಕೆ ಬುನಾದಿ ಹಾಕಿದವನು. ಉಏನಕಾ ಅಮೆರಿಕಕ್ಕೆ ಹಡಗು ಹತ್ತುವ ಮೊದಲು ಕೆಲಸ ಕಲಿತದ್ದು ಇದೇ ನಗಾಯಿಯ ಕೈಕೆಳಗೆ. ಒತ್ತಡ ಏರಿಸುವ ಎರಡೂ ಮದ್ದುಗಳ ಹಿಂದೆ ಒಂದೇ ಗುರುಮನೆ ಇದೆ ಎಂಬುದು ಯೋಗಾಯೋಗ ಮಾತ್ರವಲ್ಲ, ಆ ಕಾಲದ ಟೋಕಿಯೋದ ಔಷಧಶಾಸ್ತ್ರ ಎಷ್ಟು ಚಿಕ್ಕ ಊರಾಗಿತ್ತು ಎಂಬುದರ ಗುರುತು. ಎಫೆಡ್ರಿನ್ನಿನ ಬೆಲೆ ಜಗತ್ತಿಗೆ ತಿಳಿದದ್ದು 1924ರಲ್ಲಿ, ಪೀಕಿಂಗಿನಲ್ಲಿ ಚೆನ್ ಮತ್ತು ಶ್ಮಿಟ್ ಅದನ್ನು ಮತ್ತೆ ಕೈಗೆತ್ತಿಕೊಂಡ ಮೇಲೆ. ಅದು ಅಡ್ರಿನಲಿನ್ನಿನಷ್ಟು ರಭಸದ್ದಲ್ಲ. ದೇಹದಲ್ಲೇ ಕೂಡಿಟ್ಟ ನಾರಡ್ರಿನಲಿನ್ ಎಂಬ ಅಡ್ರಿನಲಿನ್ನಿನ ಬಂಧುವನ್ನು ಹೊರಗೆ ಚೆಲ್ಲಿಸಿ ಕೆಲಸ ಮಾಡುತ್ತದೆ. ಕಣಜ ಬರಿದಾದ ಹಾಗೆ ಪ್ರಭಾವವೂ ಇಳಿಯುತ್ತದೆ, ಮೂರನೆಯ ಸೂಜಿ ಮೊದಲಿನದರಷ್ಟು ಮುಟ್ಟುವುದಿಲ್ಲ. ಬೆನ್ನಿಗೆ ಮದ್ದು ಕೊಟ್ಟು ಮಾಡುವ ಸಿಸೇರಿಯನ್ ಹೆರಿಗೆಯಲ್ಲಿ ತಾಯಿಯ ಒತ್ತಡ ಕುಸಿದಾಗ ಬಹುಕಾಲ ಇದೇ ಮೊದಲ ಆಯ್ಕೆಯಾಗಿತ್ತು. ಅದು ಮಾಸು ದಾಟಿ ಮಗುವಿನ ರಕ್ತವನ್ನು ಆಮ್ಲೀಯವಾಗಿಸುತ್ತದೆ ಎಂದು ತಿಳಿದ ಬಳಿಕ ಫಿನೈಲೆಫ್ರಿನ್ ಎಂಬ ಇನ್ನೊಂದು ಒತ್ತಡ ಏರಿಸುವ ಮದ್ದು ಮುಂದೆ ಬಂತು. ಫಿನೈಲೆಫ್ರಿನ್ನಿಗೆ ಅದರದೇ ಕೊಂಕು: ಒತ್ತಡ ಏರುತ್ತದೆ, ನಾಡಿ ನಿಧಾನವಾಗುತ್ತದೆ.

ಎಫೆಡ್ರಿನ್ನಿನಿಂದಲೇ ನಗಾಯಿ 1893ರಲ್ಲಿ ಮೆತಾಂಫೆಟಮಿನ್ ತಯಾರಿಸಿದ್ದ. ಅದು 1941ರಲ್ಲಿ ಹಿರೋಪೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ಯುದ್ಧದ ಬಳಿಕ ಆಂಪೂಲುಗಳಾಗಿ ಬೀದಿಗಿಳಿದು, ತನ್ನನ್ನು ತಾನೇ ಚುಚ್ಚಿಕೊಳ್ಳುವ ಚಟವಾಯಿತು. ಒತ್ತಡ ಏರಿಸುವುದು ಅದರ ಗುಣವೂ ಹೌದು, ಮೆದುಳಿನ ರಕ್ತಸ್ರಾವ ಅದರ ಗೊತ್ತಾದ ಕೊನೆಗಳಲ್ಲೊಂದೂ ಹೌದು. 1951ರಲ್ಲಿ ಅದನ್ನು ತಡೆಯುವ ಕಾನೂನು ಬಂತು. 1954ರಲ್ಲಿ ಆ ಕಾನೂನಿನಡಿ ಸಿಕ್ಕಿಬಿದ್ದವರು 55,664 ಮಂದಿ. ಅದು ಬೇರೆಯೇ ಚರಿತ್ರೆ.

ಅಡ್ರಿನಲಿನ್ ಹೃದಯಕ್ಕೆ ಏನು ಮಾಡಬಲ್ಲದು ಎಂಬ ತಿಳಿವಳಿಕೆಯಲ್ಲಿ ಜಪಾನಿನ ದೊಡ್ಡ ಕೊಡುಗೆ ಬಂದದ್ದು ಹಿರೋಶಿಮಾದಿಂದ. ಅಲ್ಲಿನ ನಗರ ಆಸ್ಪತ್ರೆಯ ಹೃದಯತಜ್ಞರು 1983ರಿಂದ ಒಂದು ವಿಚಿತ್ರ ಬಗೆಯ ರೋಗಿಗಳನ್ನು ಕಾಣತೊಡಗಿದ್ದರು. ಎದೆನೋವು, ಇಸಿಜಿಯಲ್ಲಿ ಹೃದಯಾಘಾತದ ಗೆರೆಗಳು. ಆದರೆ ಬಣ್ಣ ಹಾಯಿಸಿ ನೋಡಿದರೆ ಹೃದಯದ ನಾಳಗಳಲ್ಲಿ ಎಲ್ಲೂ ತಡೆ ಇಲ್ಲ. ಎಡ ಹೃತ್ಕುಕ್ಷಿ ಮಾತ್ರ ಕುಗ್ಗುವ ಹೊತ್ತಿನಲ್ಲಿ ತಳದ ಕಡೆ ಉಬ್ಬಿ, ಕುತ್ತಿಗೆಯ ಕಡೆ ಕಿರಿದಾಗಿ ಕಾಣುತ್ತಿತ್ತು. ಹಿರೋಶಿಮಾ ಸುತ್ತಲಿನ ಕಡಲಿನಲ್ಲಿ ಬೆಸ್ತರು ಆಕ್ಟೋಪಸ್ ಹಿಡಿಯಲು ಇಳಿಬಿಡುವ ಮಣ್ಣಿನ ಮಡಕೆಗೂ ಇದೇ ಆಕಾರ. ಅದರ ಹೆಸರು ತಕೊತ್ಸುಬೊ. ನಮ್ಮ ಮಲೆನಾಡಿನ ಹಳ್ಳಗಳಲ್ಲಿ ಮೀನಿಗೆ ಒಡ್ಡುವ ಕೂಳಿಯಂತೆ ಒಳಹೊಕ್ಕ ಪ್ರಾಣಿ ಹೊರಬರಲಾಗದ ಬಲೆಯಲ್ಲ ಅದು. ಇಕ್ಕಟ್ಟಾದ ಜಾಗ ಇಷ್ಟಪಡುವ ಆಕ್ಟೋಪಸ್ ತಾನಾಗಿಯೇ ಒಳಗೆ ಹೋಗಿ ಕೂರುತ್ತದೆ, ಬೆಸ್ತ ಹಗ್ಗ ಹಿಡಿದು ಮೇಲೆಳೆಯುತ್ತಾನೆ. ಸಾತೊ ಹಿಕಾರು ಮತ್ತು ಸಂಗಡಿಗರು 1990ರಲ್ಲಿ ಈ ರೋಗವನ್ನು ಬಣ್ಣಿಸಿ ಮಡಕೆಯ ಹೆಸರನ್ನೇ ಕೊಟ್ಟರು.

ಹೆಚ್ಚಿನ ರೋಗಿಗಳು ಮುಟ್ಟು ನಿಂತ ವಯಸ್ಸಿನ ಹೆಂಗಸರು, ಹಿಂದೆಯೇ ಯಾವುದಾದರೂ ಆಘಾತ: ಮನೆಯಲ್ಲೊಂದು ಸಾವು, ಜಗಳ, ಅಪಘಾತ. 2004ರ ಅಕ್ಟೋಬರಿನ ನಿಗಾತಾ ಭೂಕಂಪದ ಬಳಿಕ ಆ ಭಾಗದಲ್ಲಿ ಇಂಥ ರೋಗಿಗಳು ಏಕಾಏಕಿ ಹೆಚ್ಚಿದ್ದನ್ನು ವೈದ್ಯರು ದಾಖಲಿಸಿದರು. ದೇಹ ತಾನೇ ಸುರಿಸಿಕೊಂಡ ಅಡ್ರಿನಲಿನ್ ಮತ್ತು ಅದರ ಬಂಧುಗಳು ಹೃದಯದ ಸ್ನಾಯುವನ್ನು ಕೆಲ ದಿನಗಳ ಮಟ್ಟಿಗೆ ಮರಗಟ್ಟಿಸುತ್ತವೆ ಎಂಬುದು ಈಗ ಬಹುಮಂದಿ ಒಪ್ಪುವ ವಿವರಣೆ. ಅದಕ್ಕೆ ಬಲವಾದ ಸಾಕ್ಷಿ ಸೂಜಿಯಿಂದಲೇ ಬಂತು: ಹೊರಗಿನಿಂದ ಅಡ್ರಿನಲಿನ್ ಚುಚ್ಚಿಸಿಕೊಂಡವರಲ್ಲಿ, ಅದರಲ್ಲೂ ಪ್ರಮಾಣ ಮೀರಿದಾಗ ಅಥವಾ ನೇರ ಅಭಿಧಮನಿಗೆ ಹೋದಾಗ, ಇದೇ ಮಡಕೆ ಹೃದಯ ಕಾಣಿಸಿಕೊಂಡಿರುವ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಹೆಚ್ಚಿನವರ ಹೃದಯ ವಾರಗಳಲ್ಲಿ ಹಿಂದಿನ ಆಕಾರಕ್ಕೆ ಮರಳುತ್ತದೆ. ಎಲ್ಲರದೂ ಅಲ್ಲ.

ಅಡ್ರಿನಲಿನ್ ಪ್ರಮಾಣದಲ್ಲಿ ಆಗುವ ತಪ್ಪುಗಳ ಮೂಲ ಬಹುಮಟ್ಟಿಗೆ ಆ ಒಂದು ಮಿಲಿಗ್ರಾಮಿನ ಆಂಪೂಲಿನಲ್ಲೇ ಇದೆ. ಹೃದಯ ನಿಂತ ರೋಗಿಗೆ ಅದನ್ನು ಪೂರ್ತಿಯಾಗಿ ಅಭಿಧಮನಿಗೆ ಕೊಡುತ್ತಾರೆ, ಮೂರರಿಂದ ಐದು ನಿಮಿಷಕ್ಕೊಮ್ಮೆ ಮತ್ತೆ. ಕಡುಅಲರ್ಜಿಯ ಅನಾಫಿಲಾಕ್ಸಿಸ್ ಬಂದವನಿಗೆ, ಅಂದರೆ ಹೃದಯ ಇನ್ನೂ ಬಡಿಯುತ್ತಿರುವವನಿಗೆ, ವಯಸ್ಕನಾದರೆ 0.3 ಮಿಲಿಗ್ರಾಂ ಸಾಕು, ಅದೂ ತೊಡೆಯ ಸ್ನಾಯುವಿಗೆ. ತುರ್ತಿನ ಗದ್ದಲದಲ್ಲಿ ಒಂದರ ಲೆಕ್ಕ ಇನ್ನೊಂದಕ್ಕೆ ಹೊಕ್ಕರೆ, ಬದುಕಿರುವವನ ನಾಳಕ್ಕೆ ಸತ್ತವನ ಪ್ರಮಾಣ ಹೋಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಒತ್ತಡ ಆಕಾಶಕ್ಕೇರುತ್ತದೆ, ನಾಡಿ ಎಣಿಕೆಗೆ ಸಿಗುವುದಿಲ್ಲ. ಅಮೆರಿಕದಲ್ಲಿ ‘ಸಾವಿರಕ್ಕೆ ಒಂದು’, ‘ಹತ್ತು ಸಾವಿರಕ್ಕೆ ಒಂದು’ ಎಂಬ ಅನುಪಾತದ ಬರಹವೇ ಜನರನ್ನು ದಾರಿ ತಪ್ಪಿಸುತ್ತಿದೆ ಎಂದು 2016ರಲ್ಲಿ ಲೇಬಲಿನಿಂದ ಅದನ್ನು ತೆಗೆಸಿದರು. ಅನುಪಾತ ತೆಗೆದ ಮಾತ್ರಕ್ಕೆ ತುರ್ತಿನ ಹೊತ್ತಿನಲ್ಲಿ ಲೆಕ್ಕ ಮಾಡುವುದು ತಪ್ಪದು. ಆದರೂ ಅದು ಸರಿಯಾದ ಹೆಜ್ಜೆಯೇ.

ಸ್ನಾಯುವೇ ಏಕೆ, ತೊಡೆಯೇ ಏಕೆ ಎಂಬುದಕ್ಕೂ ಮದ್ದಿನ ಗುಣವೇ ಕಾರಣ. ಹಳೆಯ ರೂಢಿಯಂತೆ ತೋಳಿನ ಚರ್ಮದಡಿಗೆ ಚುಚ್ಚಿದರೆ ಅಡ್ರಿನಲಿನ್ ಸುತ್ತಲಿನ ನಾಳಗಳನ್ನು ಹಿಂಡಿ ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. 1998ರಲ್ಲಿ ಕೆನಡಾದ ಎಸ್ಟೆಲ್ ಸೈಮನ್ಸ್ ತಂಡ ಮಕ್ಕಳಲ್ಲಿ ಅಳೆದಾಗ, ಚರ್ಮದಡಿ ಕೊಟ್ಟ ಮದ್ದು ರಕ್ತದಲ್ಲಿ ಶಿಖರ ಮುಟ್ಟಲು ಸರಾಸರಿ 34 ನಿಮಿಷ ಹಿಡಿಯಿತು, ಸ್ನಾಯುವಿಗೆ ಕೊಟ್ಟದ್ದಕ್ಕೆ 8 ನಿಮಿಷ ಸಾಕಾಯಿತು. ಅನಾಫಿಲಾಕ್ಸಿಸ್ ಅಷ್ಟು ಹೊತ್ತು ಕಾಯುವ ಕಾಯಿಲೆಯಲ್ಲ. ಇನ್ನು ಸಣ್ಣ ಅಭಿಧಮನಿಯಲ್ಲಿ ಹನಿಹನಿಯಾಗಿ ಬಿಡುವ ನಾರಡ್ರಿನಲಿನ್ ನಾಳದಿಂದ ಹೊರಕ್ಕೆ ಜಿನುಗಿದರೆ ಆ ಹಿಂಡುವಿಕೆಯಿಂದಲೇ ಚರ್ಮ ಬಿಳಿಚಿ, ಕಪ್ಪಾಗಿ, ಸತ್ತು ಉದುರುತ್ತದೆ. ದಾದಿಯರು ಸೂಜಿ ಚುಚ್ಚಿದ ಜಾಗವನ್ನು ಗಂಟೆಗಂಟೆಗೂ ನೋಡುವುದು ಇದಕ್ಕೇ.

ಇಷ್ಟೆಲ್ಲ ಅಪಾಯ ಗೊತ್ತಿರುವ ಮದ್ದಿಗೆ ವೈದ್ಯರು ಹೆದರಿದ್ದು ಸಹಜ. ಹೆದರಿಕೆಯೂ ಜೀವ ತೆಗೆಯುತ್ತದೆ ಎಂಬುದನ್ನು ಜಪಾನ್ ನಿಧಾನವಾಗಿ ಕಂಡುಕೊಂಡಿತು. ಕಾಡಿನಲ್ಲಿ ಮರ ಕಡಿಯುವ ಕೂಲಿಗಳಿಗೆ ಸುಜುಮೆಬಾಚಿ ಎಂಬ ದೊಡ್ಡ ಕಣಜದ ಕಡಿತ ದಿನನಿತ್ಯದ ಭಯ. ವರ್ಷಕ್ಕೆ ಇಪ್ಪತ್ತರ ಆಸುಪಾಸು ಜನ ಕಣಜ, ಜೇನಿನ ಕಡಿತದಿಂದ ಸಾಯುತ್ತಿದ್ದರು. ಇಂಥ ಕೂಲಿಗಳು ತಾವೇ ಚುಚ್ಚಿಕೊಳ್ಳಬಹುದಾದ, ಅಡ್ರಿನಲಿನ್ ತುಂಬಿದ ಎಪಿಪೆನ್ ಎಂಬ ಸೂಜಿಪೆನ್ನಿಗೆ 2003ರಲ್ಲಿ ಅನುಮತಿ ಸಿಕ್ಕಿತು. 2005ರಲ್ಲಿ ಅದನ್ನು ಆಹಾರ ಮತ್ತು ಔಷಧದ ಅಲರ್ಜಿಗೂ, ಮಕ್ಕಳಿಗೂ ವಿಸ್ತರಿಸಿದರು. ವಿಮೆಯ ವ್ಯಾಪ್ತಿಗೆ ಬಂದದ್ದು 2011ರಲ್ಲಿ. 2006ರ ಏಪ್ರಿಲಿನಿಂದ ಆಂಬುಲೆನ್ಸಿನ ತರಬೇತಾದ ಸಿಬ್ಬಂದಿ ಹೃದಯ ನಿಂತವರಿಗೆ ಅಡ್ರಿನಲಿನ್ ಕೊಡಬಹುದೆಂದಾಯಿತು. ಅದೇ ತಿಂಗಳು ಇನ್ನೊಂದು ಸಣ್ಣ ತಿದ್ದುಪಡಿಯೂ ಆಯಿತು: ಅಲ್ಲಿಯವರೆಗೆ ಅಮೆರಿಕದ ದಾರಿಯಲ್ಲಿ ಎಪಿನೆಫ್ರಿನ್ ಎನ್ನುತ್ತಿದ್ದ ಜಪಾನಿನ ಔಷಧಕೋಶ ತನ್ನ 15ನೇ ಆವೃತ್ತಿಯಲ್ಲಿ ಮದ್ದಿಗೆ ತಕಮಿನೆ ಕೊಟ್ಟ ಹೆಸರನ್ನು ಹಿಂದಕ್ಕೆ ತಂದಿತು. ನೂರು ವರ್ಷದ ಅಪಚಾರ ಸರಿಯಾಯಿತೆಂದು ಸಂತೋಷಪಟ್ಟವರುಂಟು. ವಾರ್ಡಿನ ದಾದಿಗೆ ಅದು ಕಲಿಯಬೇಕಾದ ಮತ್ತೊಂದು ಹೆಸರು.

2012ರ ಡಿಸೆಂಬರಿನಲ್ಲಿ ಟೋಕಿಯೋ ಬಳಿಯ ಚೋಫು ನಗರದ ಪ್ರಾಥಮಿಕ ಶಾಲೆಯೊಂದರಲ್ಲಿ ಹಾಲಿನ ಅಲರ್ಜಿಯಿದ್ದ ಐದನೇ ತರಗತಿಯ ಹುಡುಗಿ ಮಧ್ಯಾಹ್ನದ ಊಟದಲ್ಲಿ ಚೀಸ್ ಬೆರೆತ ಚಿಜಿಮಿ, ಅಂದರೆ ಕೊರಿಯಾದ ಬಗೆಯ ದೋಸೆ ತಿಂದು ತೀರಿಕೊಂಡಳು. ಅವಳ ಬಳಿ ಎಪಿಪೆನ್ ಇತ್ತು. ಅದು ತೊಡೆ ಮುಟ್ಟಿದ್ದು ತಡವಾಗಿ. ಮರುವರ್ಷ ಮಕ್ಕಳ ಅಲರ್ಜಿ ತಜ್ಞರ ಸಂಘ ಹದಿಮೂರು ಲಕ್ಷಣಗಳ ಪಟ್ಟಿಯೊಂದನ್ನು ಹೊರತಂದು, ಅವುಗಳಲ್ಲಿ ಒಂದು ಕಂಡರೂ ಚುಚ್ಚಿ ಎಂದು ಸ್ಪಷ್ಟವಾಗಿ ಹೇಳಿತು. ಶಾಲೆಗಳಲ್ಲಿ ಶಿಕ್ಷಕರು ಸೂಜಿಯಿಲ್ಲದ ಮಾದರಿ ಪೆನ್ನು ಹಿಡಿದು ಅಭ್ಯಾಸ ಮಾಡತೊಡಗಿದರು. ಪೆನ್ನನ್ನು ಬರೆಯುವ ಹಾಗೆ ಹಿಡಿಯಬಾರದು, ಒನಕೆಯ ಹಾಗೆ ಮುಷ್ಟಿಯಲ್ಲಿ ಹಿಡಿಯಬೇಕು; ಹೆಬ್ಬೆರಳು ತುದಿಯ ಮೇಲಿರಬಾರದು. ತಿರುಗುಮುರುಗಾಗಿ ಹಿಡಿದು ತಮ್ಮ ಹೆಬ್ಬೆರಳಿಗೇ ಚುಚ್ಚಿಕೊಂಡವರ ಬೆರಳು ಸುಣ್ಣದಂತೆ ಬಿಳಿಚಿ ತಣ್ಣಗಾಗುತ್ತದೆ, ಸಾಮಾನ್ಯವಾಗಿ ಕೆಲ ಗಂಟೆಗಳಲ್ಲಿ ರಕ್ತ ಮರಳುತ್ತದೆ. ಆದರೆ ಆ ಹೊತ್ತಿಗೆ ಮಗುವಿಗೆ ಸೇರಬೇಕಾದ ಮದ್ದು ಮುಗಿದಿರುತ್ತದೆ.

ಆಸ್ಪತ್ರೆಯ ಒಳಗೂ ಹಿಂಜರಿಕೆ ಇತ್ತು. ವೈದ್ಯಕೀಯ ಅವಘಡಗಳ ತನಿಖಾ ಸಂಸ್ಥೆ 2018ರ ಜನವರಿಯಲ್ಲಿ ಚುಚ್ಚುಮದ್ದಿನಿಂದಲೇ ಬಂದ ಅನಾಫಿಲಾಕ್ಸಿಸ್‌ನಿಂದ ಸತ್ತ 12 ಮಂದಿಯ ಪ್ರಕರಣಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಬಣ್ಣದ್ರಾವಣ, ಆಂಟಿಬಯೋಟಿಕ್, ಸ್ನಾಯು ಸಡಿಲಿಸುವ ಮದ್ದು, ಇವುಗಳನ್ನು ನಾಳಕ್ಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ರೋಗಿ ಕುಸಿಯಬಹುದು. ಅನಾಫಿಲಾಕ್ಸಿಸ್ ಎಂದು ಗುಮಾನಿ ಬಂದರೆ ಖಚಿತವಾಗಲು ಕಾಯದೆ ತೊಡೆಯ ಹೊರಮಗ್ಗುಲಿಗೆ 0.3 ಮಿಲಿಗ್ರಾಂ ಅಡ್ರಿನಲಿನ್ ಚುಚ್ಚಬೇಕು ಎಂಬುದು ಅದರ ಸಾರ.

ಕೊನೆಯದಾಗಿ ಒಂದು ವಿಚಿತ್ರ ತೊಡಕು. 1906ರಲ್ಲೇ ಹೆನ್ರಿ ಡೇಲ್ ಎರ್ಗಟ್ ಶಿಲೀಂಧ್ರದ ಸತ್ವ ಕೊಟ್ಟ ಪ್ರಾಣಿಗೆ ಅಡ್ರಿನಲಿನ್ ಚುಚ್ಚಿದರೆ ಒತ್ತಡ ಏರುವ ಬದಲು ಇಳಿಯುತ್ತದೆ ಎಂದು ತೋರಿಸಿದ್ದ. ನಾಳ ಹಿಂಡುವ ಬಾಗಿಲನ್ನು ಮುಚ್ಚಿದರೆ ಸಡಿಲಿಸುವ ಬಾಗಿಲೊಂದೇ ಉಳಿಯುತ್ತದೆ. ಮನೋರೋಗಕ್ಕೆ ಕೊಡುವ ಕ್ಲೋರ್‌ಪ್ರೊಮಾಜಿನ್‌ನಂಥ ಮದ್ದುಗಳೂ ಆ ಬಾಗಿಲನ್ನೇ ಮುಚ್ಚುತ್ತವೆ. ಆದ್ದರಿಂದ ಅವುಗಳನ್ನು ಸೇವಿಸುವವರಿಗೆ ಅಡ್ರಿನಲಿನ್ ಕೊಡಲೇಬಾರದು ಎಂದು ಜಪಾನಿನ ಔಷಧಪತ್ರಗಳು ದಶಕಗಳ ಕಾಲ ಬರೆಯುತ್ತ ಬಂದವು. ಫಲವಾಗಿ, ಮನೋರೋಗದ ಮಾತ್ರೆ ನುಂಗುವವನಿಗೆ ಕಣಜ ಕಡಿದರೆ ಅವನ ಜೀವ ಉಳಿಸುವ ಒಂದೇ ಮದ್ದು ಕಾಗದದ ಮೇಲೆ ನಿಷಿದ್ಧವಾಗಿತ್ತು. ಲೆಕ್ಕದ ಅಪಾಯಕ್ಕೆ ಹೆದರಿ ಕಣ್ಣೆದುರಿನ ಅಪಾಯಕ್ಕೆ ಬಾಗಿಲು ಹಾಕಿದಂತೆ. ಆರೋಗ್ಯ ಸಚಿವಾಲಯ 2018ರ ಮಾರ್ಚಿನಲ್ಲಿ ಈ ಸಾಲನ್ನು ತಿದ್ದಿಸಿತು: ಅನಾಫಿಲಾಕ್ಸಿಸ್‌ನ ತುರ್ತು ಚಿಕಿತ್ಸೆಗೆ ಬಳಸುವಾಗ ನಿಷೇಧ ಅನ್ವಯಿಸದು, ಒತ್ತಡ ಇಳಿಯಬಹುದೆಂಬ ಎಚ್ಚರವಿರಲಿ. ಇತರ ಬಳಕೆಗಳಿಗೆ ಹಳೆಯ ನಿಷೇಧ ಹಾಗೆಯೇ ಉಳಿಯಿತು.